ಹತ್ತು ಗಂಟೆ ಹನ್ನೊಂದು ನಿಮಿಷ

ಬರೆದದ್ದು ನಾನೇ, ಹದಿನೇಳು ಸಾಲು.
ಚಾಮರಾಜಪೇಟೆಯ ಹೆಡ್ಡಾಫೀಸಿನ ಮೂರನೇ ಮಹಡಿಯಲ್ಲಿ
ಕುರ್ಚಿ ಕದಲಿಸದೆ ಕೂತು
ಗಂಟೆಗೊಮ್ಮೆ ಇಪ್ಪತ್ತಾರು ಶಾಖೆಗಳ ಕದ ತಟ್ಟುವ ಸ್ಕ್ರಿಪ್ಟು.
ಯಾರು ಬಂದಿರಿ, ಯಾವ ಯಂತ್ರ, ಎಷ್ಟು ಹೊತ್ತಿಗೆ.
ಅಷ್ಟೇ ಕೇಳುತ್ತದೆ. ಕುಶಲ ವಿಚಾರಿಸುವುದಿಲ್ಲ.

ಬರೆದ ಕಾರಣ ಸಣ್ಣದು:
ಹಲಸೂರು ಶಾಖೆಯ ಸೆಲ್ವಿಯ ಖಾತೆ
ವಾರಕ್ಕೆ ಮೂರು ಸಲ ಲಾಕ್ ಆಗುತ್ತಿತ್ತು.
ಎಲ್ಲೋ ಒಂದು ಕಂಪ್ಯೂಟರು ಅವಳ ಹಳೇ ಪಾಸ್‌ವರ್ಡನ್ನು
ಹರಕೆ ಹೊತ್ತಂತೆ ಜಪಿಸುತ್ತಿತ್ತು.
ಹುಡುಕಿದೆ, ಸಿಕ್ಕಿತು. ಸ್ಟೋರ್‌ರೂಮಿನಲ್ಲಿ ಲೆಡ್ಜರುಗಳ ಸಂದಿಯಲ್ಲಿ
ಆರಿಸುವುದನ್ನು ಎಲ್ಲರೂ ಮರೆತ ಯಂತ್ರ.
ಸೆಲ್ವಿ ಫೋನಿನಲ್ಲೇ ನಕ್ಕಳು.
ಆವತ್ತೇ ಸ್ಕ್ರಿಪ್ಟನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.
ಓಡುತ್ತಿರುವುದನ್ನು ಮುಟ್ಟಬಾರದು
ಎನ್ನುವುದು ನಮ್ಮ ಕಸುಬಿನ ಮಡಿ.

ದಿನಾ ಬೆಳಿಗ್ಗೆ ಒಂದು ಕಡತ.
ಆರ್.ಟಿ. ನಗರ, ಫರ್ಜಾನಾ, 9:52.
ಮಾಗಡಿ ರಸ್ತೆ, ಚೌಡಯ್ಯ, 9:58.
ಯಶವಂತಪುರ: ಉತ್ತರವಿಲ್ಲ.
ಕರೆಂಟಿಲ್ಲ ಅಂತ ಅರ್ಥ, ಇಲ್ಲಾ ಇಲಿ.
ಓದುತ್ತ ಓದುತ್ತ ರುಚಿ ಹತ್ತಿತು.
ಶುಕ್ರವಾರ ಯಾರು ಊಟಕ್ಕೆ ಬೇಗ ಏಳುತ್ತಾರೆ,
ಯಾರು ಸಂಜೆ ಏಳೂವರೆಯಾದರೂ ಮನೆಗೆ ಹೋಗಲು ಮನಸ್ಸಿಲ್ಲದೆ
ಪರದೆ ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತಾರೆ.
ಮುಖ ನೋಡದವರ ಬಗ್ಗೆ ಇಷ್ಟು ಗೊತ್ತಿರಬಾರದು.

ಜಿ.ಎಂ. ಒಂದು ದಿನ ಹೆಗಲ ಮೇಲಿಂದ ಇಣುಕಿ
‘ಹಾಜರಿಗೆ ಇದೇ ಸಾಕಲ್ಲ’ ಅಂದರು,
‘ಆಫೀಸರ್‌ಗಳದ್ದು ಬಿಟ್ಟುಬಿಡಿ.’
ಬಿಟ್ಟೆ. ಅರ್ಧ ಸಾಲಿನ ಕೆಲಸ.
ಹೊಗಳಿದರು ಅಂತ ಸಂಜೆ ಮನೆಗೆ ಬಾದುಷಾ ಕೂಡ ಒಯ್ದೆ.

ತಿಂಗಳ ಕೊನೆಗೆ
ಕೆಂಗೇರಿಯ ಗುಮಾಸ್ತ ಗವಿರಂಗಪ್ಪನವರ ಸಂಬಳದಲ್ಲಿ
ಎರಡೂವರೆ ದಿನ ಇರಲಿಲ್ಲ.
10:11. 10:12. 10:11. 10:14.
ಅವರು ಜಗಳ ತೆಗೆಯಲಿಲ್ಲ. ಒಂದೇ ಸಾಲು ಕಳಿಸಿದರು:
‘ಮೇಡಂ, ನಾನು ಬಂದಿರುತ್ತೇನೆ. ಅದು ಬಂದಿರುವುದಿಲ್ಲ.’

ಮರುದಿನ ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ
ಒಂಬತ್ತು ನಲವತ್ತಕ್ಕೆಲ್ಲ ಅವರ ಪಕ್ಕದ ಸ್ಟೂಲಿನಲ್ಲಿದ್ದೆ.
ಯು.ಪಿ.ಎಸ್. ಕೋಣೆಯ ಬೀಗ ಮ್ಯಾನೇಜರ ಹತ್ತಿರ.
ಕಾದೆವು.
ಗವಿರಂಗಪ್ಪ ಕ್ಯಾಲೆಂಡರಿನಿಂದ ನಿನ್ನೆಯನ್ನು ಹರಿದು
ಬೆನ್ನಿಗೆ ಲೆಕ್ಕ ಬರೆಯಲು ಜೇಬಿಗಿಟ್ಟರು.
ಮೊಹರಿನ ಪ್ಯಾಡಿಗೆ ನಾಲ್ಕು ಹನಿ ಶಾಯಿ ಕುಡಿಸಿದರು.
ಹತ್ತು ಗಂಟೆ ಎರಡು ನಿಮಿಷಕ್ಕೆ ಬೀಗ ಬಂತು,
ಮ್ಯಾನೇಜರೂ ಬಂದರು.
ಗುಂಡಿ ಒತ್ತಿದ್ದೇ ಯಂತ್ರ ನರಳಿತು,
ಪರದೆಯಲ್ಲಿ ಪುಟ್ಟ ಬಳೆ ಗಾಣದೆತ್ತಿನ ಹಾಗೆ ಸುತ್ತಿತು, ಸುತ್ತಿತು.
ಕನ್ನಡಕ ಮರೆತು ಬಂದ ಹೂವಿನ ಹೆಂಗಸಿಗೆ ಅಷ್ಟರಲ್ಲಿ
ಚಲನ್ ಬರೆದುಕೊಟ್ಟರು,
ಬರೆದದ್ದನ್ನು ಎರಡು ಸಲ ಓದಿ ಹೇಳಿದರು,
ನನಗೆ ಬೈ-ಟೂ ಕಾಫಿ ತರಿಸಿದರು.
ಯಂತ್ರ ಅವರನ್ನು ಗುರುತು ಹಿಡಿದು ‘ಸ್ವಾಗತ’ ಎಂದಾಗ
ಗೋಡೆಯಲ್ಲಿ ಹತ್ತು ಹನ್ನೊಂದು.

ಕಾಫಿ ಆರಿತ್ತು.
ಶಾಯಿ ಹತ್ತಿದ ಆ ಬೆರಳು
ನನ್ನ ಕಡತದ ಯಾವ ಕಾಲಮ್ಮಿಗೆ ಬರುತ್ತದೆ?

ರಾತ್ರಿ ಹದಿನೆಂಟನೇ ಸಾಲು ಸೇರಿಸಿದೆ: ಯಂತ್ರ ಎದ್ದ ಹೊತ್ತು.
ಬಿಟ್ಟಿದ್ದ ಆಫೀಸರ್‌ಗಳನ್ನು ಮತ್ತೆ ಒಳಗೆ ಕರೆದೆ.
ನಾಳೆ ಜಿ.ಎಂ. ಮೇಜಿಗೆ ಹೋಗುವ ಹಾಳೆಯಲ್ಲಿ
ಅವರ ಹೆಸರೇ ಮೊದಲು, 11:40.
ಏನಾಗುತ್ತದೋ ಆಗಲಿ.

ಆಮೇಲೆ, ಸುಮ್ಮನೆ,
ವರ್ಷದ ಕಡತಗಳನ್ನೆಲ್ಲ ಹೆಸರಿನ ಪ್ರಕಾರ ಜೋಡಿಸಿದೆ.
ಅತಿ ಹೆಚ್ಚು ಸಲ ಇದ್ದದ್ದು ನಾನು.
ಹಲಸೂರು, ಆರ್.ಟಿ. ನಗರ, ಮಾಗಡಿ ರಸ್ತೆ,
ನಡುರಾತ್ರಿ, ಭಾನುವಾರ, ಯುಗಾದಿಯ ದಿನ,
ಎಲ್ಲರ ಹೊಸ್ತಿಲಲ್ಲೂ ನನ್ನದೇ ಚಪ್ಪಲಿ.
ಇವತ್ತು ಸರಿಯಾಗಿ ಹತ್ತಕ್ಕೆ ಕೆಂಗೇರಿಯನ್ನೂ ತಟ್ಟಿದ್ದೇನೆ.
ಉತ್ತರವಿಲ್ಲ, ಎಂದಿದೆ.

ಒಳಗೇ ಕೂತಿದ್ದೆ.